ಟ್ಯಾಂಕಿನ ಮೇಲೆ ಶಂಕರಣ್ಣ!

ಶಂಕರ್‌ನಾಗ್ ನಮ್ಮನ್ನು ಬಿಟ್ಟು ಹೋದದ್ದು 1990ರ ಸೆಪ್ಟೆಂಬರ್ 30ರಂದು. 'ಆಟೋರಾಜ' ಬಂದದ್ದು 1980ರಲ್ಲಿ. ಲೆಕ್ಕ ಹಾಕಿ ನೋಡಿ, ಎಷ್ಟು ವರ್ಷ ಆಯ್ತು! ಆದರೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಆ ಮುಖ ಇವತ್ತಿಗೂ ಓಡಾಡ್ತಾನೇ ಇದೆ. ಆಟೋದವರ ಅಭಿಮಾನಕ್ಕೆ ಆಟೋ ಇದೆ, ಸರಿ. ಬೈಕಿನವನು ಏನು ಮಾಡಬೇಕು ಸ್ವಾಮಿ?

ನನ್ನ ಹತ್ತಿರ ಇರೋದು ಯೆಜ್ಡಿ ರೋಡ್‌ಕಿಂಗ್. ಅದೂ 1980ರದ್ದೇ! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಎರಡು ಸೈಲೆನ್ಸರು, ಒದೆಯೋ ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹೀಗಾಗಿ ಹಳೇ ಗಾಡಿಯ ಗೆಳೆಯರಿಗೆ ನನ್ನ ಯೋಚನೆ ಹೇಳಿದಾಗ ಅವರು ಹೌಹಾರಿದರು. "ಮೂಲ ಬಣ್ಣ ಕೆಡಿಸ್ತೀಯೇನಯ್ಯಾ?" ಅಂತ. ಅವರ ಮಾತು ನನಗೂ ಒಪ್ಪಿಗೆಯೇ. ಕಾರ್ಖಾನೆಯ ಬಣ್ಣ ಉಳಿದಿರೋ ಗಾಡಿಯನ್ನು ಮುಟ್ಟಬಾರದು, ಮಾಸಿದ್ದರೂ ಸರಿ. ಆದರೆ ನನ್ನದು ಮೂರು ಮಂದಿ ಮಾಲೀಕರ ಕೈ ದಾಟಿ ಬಂದದ್ದು. ಟ್ಯಾಂಕು ಉಜ್ಜಿದರೆ ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಅದರ ಕೆಳಗೆ ಬೆರಳು ದಪ್ಪ ಪುಟ್ಟಿ! ಉಳಿಸೋಕೆ ಅಲ್ಲಿ ಏನೂ ಇರಲಿಲ್ಲ.

ಬರೆಯೋರು ಯಾರು? ನಮ್ಮ ಸೋದರಮಾವ. ಗಾಂಧಿನಗರದಲ್ಲಿ ಕಟೌಟ್ ಬರೆಯುತ್ತಿದ್ದ ಕೈ ಅದು. ನಲವತ್ತಡಿ ಎತ್ತರದ ನಾಯಕನ ಕಣ್ಣಿಗೆ ಸಾರವೆಯ ಮೇಲೆ ನಿಂತು ಹೊಳಪು ಕೊಟ್ಟವರು. ಫ್ಲೆಕ್ಸ್ ಬಂತು, ಕುಂಚ ಮೂಲೆಗೆ ಬಿತ್ತು. ಆಮೇಲೆ ಒಂದಷ್ಟು ಕಾಲ ಲಾರಿಗಳಿಗೆ ಡ್ಯೂಕೋ ಹೊಡೆದರು. ಟರ್ಪೆಂಟೈನು, ಥಿನ್ನರು ಉಸಿರಿಗೆ ಕೂತು ರಾತ್ರಿಯಿಡೀ ಕೆಮ್ಮು. "ಇನ್ನು ಥಿನ್ನರ್ ವಾಸನೆಯ ಹತ್ತಿರವೂ ಸುಳಿಯಬೇಡಿ" ಅಂದರು ಡಾಕ್ಟರು. ಅಂದಿನಿಂದ ಮಾವ ಜಗಲಿ ಮೇಲೆ ಕೂತು ಬೀದಿ ನೋಡೋದೇ ಕೆಲಸ. ನಾನು ನೀರಿನಲ್ಲಿ ಕಲೆಸುವ ಬಣ್ಣ ಹುಡುಕಿದ್ದು ಫ್ಯಾಷನ್‌ಗಲ್ಲ, ಈ ಕಾರಣಕ್ಕೆ.

ಏರ್‌ಬ್ರಷ್ ಅಂದರೆ ಪೆನ್ನಿನಂಥ ಪುಟ್ಟ ಬಂದೂಕು. ಕುದುರೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಮಾವ ಅದನ್ನು ಹಿಡಿದು, "ಲೋ ಅಳಿಯ, ಇದು ಇಂಜೆಕ್ಷನ್ ಕೊಡೋ ಹಂಗಿದೆಯಲ್ಲೋ!" ಅಂದರು. ಆದರೂ ಸಂಜೆಯವರೆಗೆ ಹಳೇ ಪೇಪರಿನ ಮೇಲೆ ಗೆರೆ ಎಳೀತಾನೇ ಇದ್ದರು.

ನೀರಿನ ಬಣ್ಣ ಅಂದಾಕ್ಷಣ ಬರೀ ತಗಡಿನ ಮೇಲೆ ಹೊಡೆದುಬಿಡಬೇಡಿ. ತಗಡು ತುಕ್ಕು ಹಿಡಿಯುತ್ತೆ. ನಾವು ಪೆಟ್ರೋಲ್ ಖಾಲಿ ಮಾಡಿ, ಟ್ಯಾಂಕು ಬಿಚ್ಚಿ, ಹೊರಗಡೆ ಅಂಗಡಿಯಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಹೊಡೆಸಿ ತಂದೆವು. ಆರ್‌ಸಿಯಲ್ಲಿ ಕಪ್ಪು ಅಂತಲೇ ಇದೆ. ಬೇರೆ ಬಣ್ಣಕ್ಕೆ ಬದಲಾಯಿಸಿದ್ದರೆ ಆರ್‌ಟಿಒ ಕಚೇರಿ ಅಲೆದಾಟ! ಆ ಕಪ್ಪನ್ನು 800 ನಂಬರಿನ ವಾಟರ್ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿದೆವು. ಹಾಗೆ ಮಾಡದಿದ್ದರೆ ಮೇಲಿನ ಬಣ್ಣ ಹಿಡಿಯೋದಿಲ್ಲ.

ಮಾವ ಶುರು ಮಾಡಿದ್ದು ಹಳೇ ಕಟೌಟ್ ಪದ್ಧತಿಯಲ್ಲೇ. ಫೋಟೋಗೆ ಚೌಕ, ಟ್ಯಾಂಕಿಗೆ ಚೌಕ. ಆದರೆ ಟ್ಯಾಂಕು ಗೋಡೆಯಲ್ಲವಲ್ಲ! ಉಬ್ಬಿನ ಮೇಲೆ ಮೂಗು ಹಿಗ್ಗಿತು, ಕೆನ್ನೆ ಅಡಿಗೆ ಜಾರಿತು. "ಕಟೌಟನ್ನ ಜನ ಕೆಳಗಿನಿಂದ ನೋಡ್ತಾರೆ, ಇದನ್ನ ಮೇಲಿನಿಂದ ನೋಡ್ತಾರೆ" ಅಂತ ಗಾಡಿಯ ಪಕ್ಕ ನಿಂತು, ನೋಡುವವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಚೌಕಗಳನ್ನೇ ಹಿಗ್ಗಿಸಿ ಕುಗ್ಗಿಸಿ ಮತ್ತೆ ಎಳೆದರು. ಬರೀ ಚೌಕಕ್ಕೇ ಎರಡು ದಿನ ಹಿಡಿಯಿತು.

ಆಮೇಲೆ ಮುಖದ ಆಕಾರಕ್ಕೆ ಬಿಳಿ. ಅದರ ಮೇಲೆ ಪಾರದರ್ಶಕ ಕಂದು, ಕೆಂಪು, ಹಳದಿ. ಈ ಬಣ್ಣದ ಗುಣ ಏನಪ್ಪಾ ಅಂದ್ರೆ, ಅವಸರ ಸಹಿಸೋದಿಲ್ಲ. ಮೊದಲ ಕೋಟು ಮಂಜು ಕವಿದ ಹಾಗೆ, ಏನೂ ಕಾಣಿಸೋದಿಲ್ಲ. 'ಇನ್ನೊಂಚೂರು' ಅಂತ ಒತ್ತಿದಿರೋ, ಜೇಡನ ಕಾಲಿನಂತೆ ನಾಲ್ಕೂ ಕಡೆ ಹರಿದುಬಿಡುತ್ತೆ. ತೆಳ್ಳಗೆ ಒಂದು ಕೋಟು, ತಂಗಿಯ ಕೂದಲು ಒಣಗಿಸೋ ಯಂತ್ರದ ಬಿಸಿಗಾಳಿ, ಮತ್ತೆ ಒಂದು ಕೋಟು. ಮಳೆ ಬಂದರೆ ಒಣಗೋದಿಲ್ಲ. ಬಿಸಿಲು ಜೋರಾದರೆ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತೆ. ಐದು ನಿಮಿಷಕ್ಕೊಮ್ಮೆ ಸೂಜಿ ಒರೆಸಬೇಕು. ವಾಸನೆ ಇಲ್ಲ ಅಂತ ಮಾಸ್ಕ್ ಬಿಡೋ ಹಾಗಿಲ್ಲ. ನೀರಿನದ್ದಾದರೂ ತುಂತುರು ತುಂತುರೇ, ಶ್ವಾಸಕೋಶಕ್ಕೆ ಹೋಗುತ್ತೆ. ಮಾವನಿಗೆ ಮಾಸ್ಕ್ ಕಟ್ಟಿಸೋದೇ ನನಗೊಂದು ಸಾಹಸ.

ಬಿಳಿಯ ತುಂತುರು ಕಪ್ಪಿನ ಮೇಲೆ ಬಿದ್ದರೆ ನೀಲಿಯಾಗಿ ಕಾಣುತ್ತೆ, ಗೊತ್ತಾ? ಕೆನ್ನೆಯ ಅಂಚಿನಲ್ಲಿ ಹಾಗೇ ಒಂದು ನೀಲಿ ಮಬ್ಬು ಕೂತಿತು. ಮಾವ ಮೊದಲು ಬೈದರು. ಆಮೇಲೆ ತಲೆ ಓರೆ ಮಾಡಿ ನೋಡಿ, "ಇರಲಿ ಬಿಡು, ರಾತ್ರಿ ಶೂಟಿಂಗ್ ಲೈಟು" ಅಂದರು. ನೋಡಿ, ಕಲಾವಿದ ಅಂದರೆ ಇವರು!

ಕಣ್ಣು ಬರೆದದ್ದು ಕೊನೆಯಲ್ಲಿ. ಆ ದಿನ ಬೀದಿಯ ಹುಡುಗರನ್ನೆಲ್ಲ ಆಚೆ ಕಳಿಸಿದರು. ಕಣ್ಣಿನ ಹೊಳಪಿಗೆ ಏರ್‌ಬ್ರಷ್ ಬದಿಗಿಟ್ಟು ಹಳೇ ಕುಂಚವನ್ನೇ ಎತ್ತಿಕೊಂಡರು. ಎರಡೇ ಚುಕ್ಕೆ. ಶಂಕರಣ್ಣ ನಕ್ಕುಬಿಟ್ಟರು ಸ್ವಾಮಿ! ಮಾವ ಪಂಚೆಯ ತುದಿಯಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು, ಕೆಮ್ಮಲಿಲ್ಲ.

ಒಂದು ಮಾತು ಮಾತ್ರ ಮುಚ್ಚಿಡಬಾರದು. ಈ ಬಣ್ಣ ಹಾಗೇ ಬಿಟ್ಟರೆ ನಿಲ್ಲೋದಿಲ್ಲ. ಪೆಟ್ರೋಲ್ ಬಂಕಿನ ಹುಡುಗ ನಾಲ್ಕು ಹನಿ ಚೆಲ್ಲಿದರೆ ಮುಖವೇ ಕರಗಿ ಹೋದೀತು. ಮೇಲೆ ಹಾರ್ಡನರ್ ಬೆರೆಸಿದ ಕ್ಲಿಯರ್ ಕೋಟ್ ಬೇಕೇ ಬೇಕು. ಅದು ನೀರಿನದ್ದಲ್ಲ. ಅದರಲ್ಲಿರೋ ಐಸೊಸೈನೇಟು ಗಟ್ಟಿ ಎದೆಯವನಿಗೂ ಆಸ್ತಮಾ ತರಿಸಬಲ್ಲದು. ಹೊರಗಿನ ಗಾಳಿ ಪೂರೈಸುವ ಮುಖವಾಡ ಇರೋ ಬೂತಿನಲ್ಲಿ ಹೊಡೆಸಿದೆ. ಮಾವನನ್ನು ಆ ಬೀದಿಗೂ ಕರೆದುಕೊಂಡು ಹೋಗಲಿಲ್ಲ. "ಮದುವೆಗೆ ಹೆಣ್ಣಿನಪ್ಪನನ್ನೇ ಕರೀಲಿಲ್ವಲ್ಲೋ" ಅಂತ ಎರಡು ದಿನ ಮಾತು ಬಿಟ್ಟರು.

ಈಗ ಗಾಡಿ ನಿಲ್ಲಿಸಿದ ಕಡೆ ಜನ ಸೇರ್ತಾರೆ. ಟ್ಯಾಂಕಿನ ಬಲಗಡೆ ಇನ್ನೂ ಬರೀ ಕಪ್ಪು. ಅಲ್ಲೂ ಏನಾದರೂ ಬರೀರಿ ಅಂದರೆ ಮಾವನಿಗೆ ಪುರುಸೊತ್ತಿಲ್ಲ. ನಮ್ಮ ಸ್ಟ್ಯಾಂಡಿನ ಇಬ್ಬರು ಆಟೋದವರು ಮುಂಗಡ ಕೊಟ್ಟು ಹೋಗಿದ್ದಾರೆ, ಬಿಳಿ ಬಣ್ಣದ ಇನ್ನೊಂದು ಬಾಟಲಿ ತರೋದಕ್ಕೆ ನನ್ನನ್ನೇ ಓಡಿಸ್ತಿದ್ದಾರೆ.