ಹವಾನಾದ ಚುರುಟು, ಅಮ್ಮೀಯ ಮೊರ

ದುಬೈಯಲ್ಲಿ ದುಡಿಯುವ ನಮ್ಮ ಗೆಳೆಯ ಈ ಸಲ ರಜೆಗೆ ಬಂದಾಗ ಎಂದಿನಂತೆ ಅತ್ತರು, ಖರ್ಜೂರ ತಂದಿದ್ದ. ಜೊತೆಗೆ ನಾಲ್ಕು ಚುರುಟುಗಳನ್ನೂ ತಂದಿದ್ದ. ನಾವು ನಾಲ್ವರೂ ಒಂದೇ ಸರಕಾರಿ ಉರ್ದು ಶಾಲೆಯಲ್ಲಿ ಕೂತವರು, ಆಮೇಲೆ ಒಟ್ಟಿಗೇ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋದವರು. "ಕ್ಯೂಬಾದ್ದು ಕಣ್ರೋ. ಮೈಲ್ಡ್. ಹೊಸಬರಿಗೆ ಇದೇ ಸರಿ" ಎಂದು ಅವನು ಒಂದೊಂದನ್ನು ನಮ್ಮ ಕೈಗಿಟ್ಟ. ಇಶಾ ನಮಾಜು ಮುಗಿಸಿ ನಾವು ಅವನ ಮನೆಯ ತಾರಸಿ ಹತ್ತಿದೆವು. ಕೆಳಗೆ ಅವನ ತಾಯಿ, ನಮಗೆಲ್ಲರಿಗೂ ಅಮ್ಮೀ, ತಸ್ಬೀಹ್ ಹಿಡಿದು ಕುಳಿತಿದ್ದರು.

ಸೇದುವ ಚಟ ನಮ್ಮಲ್ಲಿ ಯಾರಿಗೂ ಇಲ್ಲ. ಒಬ್ಬನಂತೂ ಮುಟ್ಟಲೇ ಇಲ್ಲ. ತಂಬಾಕಿನ ಬಗ್ಗೆ ನಮ್ಮವರ ಜಗಳ ಹಳೆಯದು. ಉಸ್ಮಾನಿ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಸೇದಿದವರಿಗೆ ಮರಣದಂಡನೆ ವಿಧಿಸಿದ. ಅದೇ ಶತಮಾನದಲ್ಲಿ ದಮಾಸ್ಕಸ್ಸಿನ ಸೂಫಿ ವಿದ್ವಾಂಸ ಅಬ್ದುಲ್ ಗನಿ ನಾಬುಲುಸಿ ಅದು ನಿಷಿದ್ಧವಲ್ಲವೆಂದು ಗ್ರಂಥವನ್ನೇ ಬರೆದರು. ಕ್ಯಾನ್ಸರಿನ ವಿಷಯ ಗೊತ್ತಾದ ಮೇಲೆ ಇಂದು ಅನೇಕ ಉಲೇಮಾಗಳು ಹರಾಮ್ ಎನ್ನುತ್ತಾರೆ, ಕೆಲವರು ಮಕ್ರೂಹ್ ಎನ್ನುತ್ತಾರೆ. "ಎರಡರಲ್ಲಿ ಯಾವುದಾದರೂ ನನಗೆ ಬೇಡ" ಎಂದು ಆ ಗೆಳೆಯ ತನ್ನ ಪಾಲಿನದನ್ನು ಪಕ್ಕಕ್ಕಿಟ್ಟ. ಉಳಿದ ಮೂವರು ನಾವು ಕುತೂಹಲಕ್ಕೆ ಸೋತೆವು. ಸೋತೆವು ಎಂದೇ ಒಪ್ಪಿಕೊಳ್ಳಬೇಕು.

ಚುರುಟಿನ ಹೆಸರು ಓಯೋ ದೆ ಮೊಂತೆರ್ರೇ, ಎಪಿಕ್ಯೂರ್ ನಂಬರ್ 2. ಉದ್ದ 124 ಮಿಲಿಮೀಟರ್, ದಪ್ಪ ಸುಮಾರು 20 ಮಿಲಿಮೀಟರ್. ಓಯೋ ಎಂದರೆ ಸ್ಪ್ಯಾನಿಷಿನಲ್ಲಿ ಹಳ್ಳ, ತಗ್ಗು. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೋ ಪ್ರಾಂತ್ಯದ ಒಂದು ತಂಬಾಕು ತೋಟದ ಹೆಸರು ಅದು. ಹೋಸೆ ಹೆನೆರ್ ಎಂಬಾತ 1865ರಲ್ಲಿ ಆ ತೋಟದ ಹೆಸರನ್ನೇ ತನ್ನ ಚುರುಟಿಗೆ ಇಟ್ಟ. ಹವಾನಾ ಚುರುಟುಗಳಲ್ಲೇ ಸೌಮ್ಯವಾದದ್ದೆಂದು ಇದಕ್ಕೆ ಹೆಸರಿದೆ.

ಸೌಮ್ಯ ಹೇಗೆ ಆಗುತ್ತದೆ? ಗೆಳೆಯ ಅಂಗಡಿಯವನಿಂದ ಕಲಿತು ಬಂದಿದ್ದ ಪಾಠ ಒಪ್ಪಿಸಿದ. ಗಿಡದ ಬುಡದ ಎಲೆಗೆ ವೊಲಾದೋ ಎನ್ನುತ್ತಾರೆ, ಅದು ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೋ, ಅದು ಪರಿಮಳಕ್ಕೆ. ತುದಿಯದು ಲಿಗೆರೋ, ಹೆಚ್ಚು ಬಿಸಿಲುಂಡ ಎಲೆ, ಖಾರವೆಲ್ಲ ಅದರಲ್ಲಿ. ಈ ಮೂರನ್ನೂ ಮಡಿಸಿ ಒಳಗಿಟ್ಟು, ಮೇಲೊಂದು ಗಟ್ಟಿ ಎಲೆ ಸುತ್ತಿ, ಕೊನೆಗೆ ಬಟ್ಟೆಯ ನೆರಳಲ್ಲಿ ಬೆಳೆಸಿದ ನುಣುಪಾದ ಎಲೆ ಸುತ್ತುತ್ತಾರೆ. ಒಳಗೆ ಲಿಗೆರೋ ಕಡಿಮೆಯಾದರೆ ಚುರುಟು ಮೈಲ್ಡ್.

ತಲೆಯ ಟೊಪ್ಪಿಗೆ ಕತ್ತರಿಸಿ, ಕಡ್ಡಿ ಗೀರಿ, ಗಂಧಕದ ವಾಸನೆ ಹೋಗುವವರೆಗೆ ಕಾದು, ತಿರುಗಿಸುತ್ತ ತಿರುಗಿಸುತ್ತ ಬೆಂಕಿ ತಾಗಿಸಿದೆವು. ಹೊಗೆಯನ್ನು ಎದೆಗೆ ಎಳೆಯಬಾರದು, ಬಾಯಲ್ಲೇ ಆಡಿಸಿ ಬಿಡಬೇಕು. ಮೊದಲ ಭಾಗದಲ್ಲಿ ಒಣಹುಲ್ಲಿನ, ಹಾಲಿನ ಕೆನೆಯ ವಾಸನೆ. ಅರ್ಧಕ್ಕೆ ಬರುವಷ್ಟರಲ್ಲಿ ಹುರಿದ ಕಡಲೆಕಾಯಿ, ಹಾಲು ಹೆಚ್ಚಾದ ಕಾಫಿ, ಮರ ಕೊಯ್ದಾಗಿನ ಕಂಪು. ಬೂದಿ ಒಂದು ಅಂಗುಲದವರೆಗೆ ಬೀಳದೆ ನಿಂತಿತು. ಕೊನೆಯ ಭಾಗ ಬಿಸಿಯಾಗಿ, ಕಹಿಯಾಗಿ, ಒಬ್ಬನಿಗೆ ತಲೆ ಸುತ್ತು ಬಂತು. ಮೈಲ್ಡ್ ಎಂಬ ಮಾತು ಅಲ್ಲಿಗೆ ಮುಗಿಯಿತು.

ಹೊಗೆಯ ಜೊತೆ ಮಾತೂ ಹೋಯಿತು. 1492ರ ಜನವರಿಯಲ್ಲಿ ಗ್ರನಾಡ ಬಿತ್ತು. ಅದೇ ವರ್ಷ ಹೊರಟ ಕೊಲಂಬಸ್ ಜೊತೆಗೆ ಅರಬ್ಬಿ ಬಲ್ಲ ಲೂಯಿಸ್ ದೆ ತೊರ್ರೆಸ್ ಎಂಬ ದುಭಾಷಿಯನ್ನು ಕರೆದೊಯ್ದಿದ್ದ. ಪೂರ್ವದೇಶ ಸಿಕ್ಕರೆ ಮಾತಾಡಲು ಬೇಕಲ್ಲ! ನವೆಂಬರಿನಲ್ಲಿ ಅವನನ್ನೂ ಇನ್ನೊಬ್ಬನನ್ನೂ ಕ್ಯೂಬಾದ ಒಳನಾಡಿಗೆ ಕಳಿಸಿದಾಗ ಅವರು ಕಂಡದ್ದು ಸುಲ್ತಾನನ ದರ್ಬಾರನ್ನಲ್ಲ, ಉರಿಯುವ ಎಲೆಯ ಸುರುಳಿ ಹಿಡಿದು ಹೊಗೆ ಸೇದುವ ಜನರನ್ನು. ನೂರಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಆ ಎಲೆ ನಮ್ಮ ಬಿಜಾಪುರಕ್ಕೆ ಬಂದು ಕೂತಿತ್ತು. ಆದಿಲ್‌ಶಾಹಿ ದರ್ಬಾರಿಗೆ ಬಂದಿದ್ದ ಅಸದ್ ಬೇಗ್ ಅದನ್ನು ರತ್ನಖಚಿತ ಕೊಳವೆಯ ಸಮೇತ ಅಕ್ಬರನಿಗೆ ಒಪ್ಪಿಸಿದ. ಬಾದಶಹ ಒಂದೆರಡು ಸಲ ಎಳೆದ. ಹಕೀಮ ತಡೆದ. ಮಕ್ಕಾ ಮದೀನಾದಲ್ಲೂ ಇದು ಗೊತ್ತಿರುವುದೇ ಎಂದು ಒಬ್ಬ ಅಮೀರ ಸಮರ್ಥಿಸಿದ. ಬಾದಶಹನಿಗೆ ರೂಢಿಯಾಗಲಿಲ್ಲ, ಅಮೀರರಿಗೆ ಆಯಿತು. ಮಗ ಜಹಾಂಗೀರ 1617ರಲ್ಲಿ ನಿಷೇಧಿಸಿ ನೋಡಿದ. ಹೊಗೆ ಫರ್ಮಾನಿಗೆ ಬಗ್ಗಲಿಲ್ಲ.

ಇಷ್ಟಾದ ಮೇಲೆ ತೀರ್ಪು ಹೇಳುವ ಹೊತ್ತು. ಎಳೆತ ಸಲೀಸು, ಉರಿ ಸಮ, ಕಟ್ಟು ಬಿಗಿ, ಎಲೆಯ ನರ ಕಾಣುವುದಿಲ್ಲ ಎಂದು ಒಬ್ಬೊಬ್ಬರೂ ಗುಣ ಎಣಿಸುತ್ತ ಹೋದೆವು. ನಮ್ಮ ಮಾತು ನಮಗೇ ಎಲ್ಲೋ ಕೇಳಿದಂತಿತ್ತು. ಹೌದು, ಬೀಡಿ ಕಂಟ್ರಾಕ್ಟರನ ಅಂಗಡಿಯಲ್ಲಿ.

ನಮ್ಮ ನಾಲ್ವರ ತಾಯಂದಿರೂ ಬೀಡಿ ಕಟ್ಟಿದವರು. ನೆನೆಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟು, ಚಿಟಿಕೆ ತಂಬಾಕು ಉದುರಿಸಿ, ಸುರುಳಿ ಮಾಡಿ, ಬಾಯಿ ಮಡಿಸಿ, ನೂಲು ಸುತ್ತುತ್ತಿದ್ದರು. ಇಪ್ಪತ್ತೈದಕ್ಕೊಂದು ಕಟ್ಟು. ಸಂಜೆ ಆ ಕಟ್ಟುಗಳನ್ನು ಹೊತ್ತು ಹೋಗುವ ಕೆಲಸ ಮಕ್ಕಳಾದ ನಮ್ಮದು. ಅಂಗಡಿಯ ಗುಮಾಸ್ತ ಹೆಬ್ಬೆರಳಿನಿಂದ ಕಟ್ಟನ್ನು ಒತ್ತಿ ನೋಡುತ್ತಿದ್ದ. ಸಡಿಲ, ಗಿಡ್ಡ, ಎಲೆ ಸರಿಯಿಲ್ಲ ಎಂದು ಹಿಡಿಹಿಡಿಯಾಗಿ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಮಜೂರಿ ಇಲ್ಲ. ಎಸೆದ ಬೀಡಿ ವಾಪಸೂ ಇಲ್ಲ. ಮನೆಗೆ ಬಂದು ಎಷ್ಟು ಕಳೆಯಿತೆಂದು ಹೇಳುವಾಗ ನಾವು ತಾಯಂದಿರ ಮುಖ ನೋಡುತ್ತಿರಲಿಲ್ಲ.

ಆ ಮೊರದ ಸುತ್ತ ಇನ್ನೊಂದು ಕೆಲಸವೂ ನಮ್ಮದಾಗಿತ್ತು. ಓದಿ ಹೇಳುವುದು. ಉರ್ದು ಪತ್ರಿಕೆಯ ಧಾರಾವಾಹಿಯನ್ನು ಹಾಗೆಯೇ ಓದುತ್ತಿದ್ದೆವು. ಕನ್ನಡ ಪಾಠದ ಕಥೆಯಾದರೆ ಒಂದು ವಾಕ್ಯ ಓದಿ ದಖನಿಯಲ್ಲಿ ಬಿಡಿಸಿ ಹೇಳಬೇಕು. ದುಃಖದ ಕಡೆ ಬಂದರೆ ಬೀಡಿ ಕಟ್ಟುವ ಬೆರಳು ನಿಧಾನವಾಗುತ್ತಿತ್ತು. ಆಗ ಯಾರಾದರೊಬ್ಬರು, "ಬೇಗ ಮುಂದೆ ಓದು ಬೇಟಾ, ಸಾವಿರ ತುಂಬಬೇಕು" ಎನ್ನುತ್ತಿದ್ದರು. ನಮ್ಮಲ್ಲೊಬ್ಬ ಮುಂದೆ ಕಥೆ ಬರೆಯತೊಡಗಿದ. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ದೊಡ್ಡ ಲೇಖಕರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾನೆ.

ಕ್ಯೂಬಾದಲ್ಲೂ ಹೀಗೇ ಇದೆ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಆ ಚುರುಟಿನ ಹೆಸರು ಹುಟ್ಟಿದ 1865ರಲ್ಲೇ, ಡಿಸೆಂಬರಿನಲ್ಲಿ, ಹವಾನಾದ ಎಲ್ ಫಿಗಾರೋ ಕಾರ್ಖಾನೆಯಲ್ಲಿ ಒಬ್ಬ ಓದುವವನನ್ನು ಕೂರಿಸಿದರು. ಕೈಗಳು ಎಲೆ ಸುತ್ತುತ್ತಿದ್ದರೆ ಕಿವಿಗಳು ಪತ್ರಿಕೆ, ಕಾದಂಬರಿ ಕೇಳುತ್ತಿದ್ದವು. ಅವನಿಗೆ ಸಂಬಳ ಕೊಟ್ಟವರು ಕಾರ್ಮಿಕರೇ. ಕೇಳುವ ಕಾರ್ಮಿಕರು ಯೋಚಿಸತೊಡಗಿದಾರೆಂದು ಸ್ಪ್ಯಾನಿಷ್ ಆಡಳಿತ ಮರುವರ್ಷವೇ ಓದನ್ನು ನಿಷೇಧಿಸಿತು. ಓದು ಮತ್ತೆ ಬಂತು. ಮೊಂತೆಕ್ರಿಸ್ತೋ ಎಂಬ ಪ್ರಸಿದ್ಧ ಚುರುಟಿಗೆ ಹೆಸರು ಬಂದದ್ದು ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯಿಂದ. 2012ರಲ್ಲಿ ಕ್ಯೂಬಾ ಈ ಓದುಗರ ವೃತ್ತಿಯನ್ನು ತನ್ನ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ನಮ್ಮ ಪಕ್ಕದ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲೂ ಕಾರ್ಮಿಕರು ತಮ್ಮಲ್ಲೊಬ್ಬನಿಂದ ಪತ್ರಿಕೆ ಓದಿಸಿ, ಅವನ ಪಾಲಿನ ಬೀಡಿಯನ್ನು ತಾವೇ ಕಟ್ಟಿಕೊಡುತ್ತಿದ್ದರು. ಮನೆಯೊಳಗೆ ಕೂತು ಕಟ್ಟಿದ ನಮ್ಮ ತಾಯಂದಿರಿಗೆ ಕಾರ್ಖಾನೆಯೂ ಇರಲಿಲ್ಲ, ಸಂಘವೂ ಇರಲಿಲ್ಲ. ಮಕ್ಕಳಿದ್ದರು.

ಮೈಲ್ಡ್ ಎಂಬ ಮಾತು ಮೋಸದ್ದು. 2003ರಲ್ಲಿ ಒಪ್ಪಿತವಾದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಡಂಬಡಿಕೆ ಇಂಥ ಪದಗಳು ಜನರನ್ನು ದಾರಿ ತಪ್ಪಿಸುತ್ತವೆ ಎಂದು ಎಚ್ಚರಿಸಿದೆ. ಚುರುಟಿನ ಹೊಗೆಯನ್ನು ನುಂಗದಿದ್ದರೂ ನಿಕೋಟಿನ್ ಬಾಯಿಯ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಅದು ದಾರಿ. ಇನ್ನು ಸೇದದವರಿಗೆ? ನಮ್ಮಲ್ಲಿ ಚುರುಟು ಮುಟ್ಟದ ಗೆಳೆಯನ ತಾಯಿ ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ಮೂವತ್ತು ವರ್ಷ ಆ ಧೂಳು ಉಸಿರಾಡಿ, ಕೊನೆಯ ಎರಡು ವರ್ಷ ಮಲಗಲಾರದೆ ಗೋಡೆಗೊರಗಿ ಕೂತೇ ರಾತ್ರಿ ಕಳೆದರು. ಅವನು ಹರಾಮ್, ಮಕ್ರೂಹ್ ಎಂದದ್ದು ಕಿತಾಬು ನೋಡಿ ಅಲ್ಲ. ಅಷ್ಟು ಹೊತ್ತು ರುಚಿಯ ಮಾತಾಡಿದ ನಾವು ಅವನ ಕಡೆ ತಿರುಗಿ ಏನು ಹೇಳುವುದೆಂದು ತಿಳಿಯದೆ ಸುಮ್ಮನಾದೆವು.

ಆಗಲೇ ಅಮ್ಮೀ ಮೆಟ್ಟಿಲು ಹತ್ತಿ ಬಂದರು. ವಾಸನೆ ಕೆಳಗಿನವರೆಗೆ ಹೋಗಿತ್ತು. ಬೈಯುತ್ತಾರೆಂದು ಎದ್ದು ನಿಂತೆವು. ಅವರು ಪಕ್ಕಕ್ಕಿಟ್ಟಿದ್ದ ನಾಲ್ಕನೇ ಚುರುಟನ್ನು ತೆಗೆದುಕೊಂಡರು. ದೀಪದ ಹತ್ತಿರ ಹಿಡಿದರು. ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿ ನೋಡಿದರು, ಥೇಟ್ ಆ ಗುಮಾಸ್ತನಂತೆ. ತುದಿಯ ಮಡಿಕೆಯನ್ನು ಉಗುರಿನಿಂದ ಸವರಿದರು.

"ನೂಲೇ ಇಲ್ಲದೆ ನಿಲ್ಲಿಸಿದಾರೆ. ಒಳ್ಳೇ ಕೈ. ಹೆಂಗಸರು ಕಟ್ತಾರಾ ಅಲ್ಲಿ?"

"ಹೂಂ ಅಮ್ಮೀ, ಹೆಂಗಸರೇ ಬಹಳ."

"ಮಜೂರಿ ಸರಿಯಾಗಿ ಕೊಡ್ತಾರಾ?"

"ಒಂದು ತಿಂಗಳ ಸಂಬಳ ಪೂರ್ತಿ ಕೊಟ್ಟರೂ ದುಬೈ ಅಂಗಡಿಯಲ್ಲಿ ಇದರ ಒಂದು ಪೆಟ್ಟಿಗೆ ಬರೋದಿಲ್ಲ ಅಮ್ಮೀ."

ಅಮ್ಮೀ ಇನ್ನೇನೂ ಕೇಳಲಿಲ್ಲ. ಚುರುಟನ್ನು ಮಗನ ಕೈಗೆ ಕೊಡದೆ ಆ ಗೆಳೆಯನ ಪಕ್ಕ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟು, "ನಿನ್ನ ಅಮ್ಮ ನನಗಿಂತ ಚೆನ್ನಾಗಿ ಕಟ್ಟುತ್ತಿದ್ದಳು. ಅವಳ ಕಟ್ಟಿನಲ್ಲಿ ಅವನು ಒಂದನ್ನೂ ಎಸೆಯುತ್ತಿರಲಿಲ್ಲ" ಎಂದರು.

ನಾವು ಉಳಿದ ತುಂಡುಗಳನ್ನು ನೀರಿನ ಡಬ್ಬಿಗೆ ಹಾಕಿ, ಕೈತೊಳೆಯಲು ಕೆಳಗಿಳಿದೆವು.