ಹಡೆದದ್ದು ಎಂಟು, ಉಳಿದದ್ದು ನಾಲ್ಕು

ಶಾಲಾ ವಾರ್ಷಿಕೋತ್ಸವದಲ್ಲಿ ಝಾನ್ಸಿ ರಾಣಿಯಾದ ಹುಡುಗಿ ಬೆನ್ನಿಗೆ ಗೊಂಬೆ ಕಟ್ಟಿಕೊಂಡು ವೇದಿಕೆ ಹತ್ತಿದರೆ ನಮ್ಮ ಸಾಸ್ವೆಹಳ್ಳಿ ಕಡೆ ಚಪ್ಪಾಳೆಯೋ ಚಪ್ಪಾಳೆ. ಗೊಂಬೆ ಯಾರೆಂದರೆ ಮಕ್ಕಳು ದಾಮೋದರ ರಾವ್ ಅನ್ನುತ್ತಾರೆ. ಆದರೆ ದಾಮೋದರರು ಇಬ್ಬರು. ಲಕ್ಷ್ಮೀಬಾಯಿ ಹಡೆದವನು 1851ರಲ್ಲಿ ಹುಟ್ಟಿ ನಾಲ್ಕೇ ತಿಂಗಳಿಗೆ ತೀರಿಕೊಂಡ. 1853ರ ನವೆಂಬರಿನಲ್ಲಿ, ಗಂಡ ಗಂಗಾಧರ ರಾವ್ ಸಾಯುವ ಹಿಂದಿನ ದಿನ, ನೆಂಟರ ಹುಡುಗ ಆನಂದ ರಾವ್‌ನನ್ನು ದತ್ತು ತೆಗೆದುಕೊಂಡು ಹೋದ ಕೂಸಿನ ಹೆಸರನ್ನೇ ಇಟ್ಟರು. ಬೆನ್ನ ಮೇಲಿರುವವನು ಇವನು.

ಗವರ್ನರ್ ಜನರಲ್ ಡಾಲ್‌ಹೌಸಿ ದತ್ತು ಒಪ್ಪದೆ 1854ರಲ್ಲಿ ಝಾನ್ಸಿಯನ್ನು ಕಬಳಿಸಿದ್ದು ಪಠ್ಯದಲ್ಲಿದೆ. ಮೊದಲ ಕೂಸು ಅಲ್ಲಿ ಬರುವುದೇ ವಾರಸುದಾರ ಇಲ್ಲವಾದ ಎಂಬ ಕಾರಣಕ್ಕೆ. ನಾಲ್ಕು ತಿಂಗಳೆಂದರೆ ಮಗು ಮಗ್ಗುಲಾಗುವ ಕಾಲ, ತಾಯಿಯ ದನಿ ಕೇಳಿದರೆ ಕೈಕಾಲು ಬಡಿದು ಕೇಕೆ ಹಾಕುವ ಕಾಲ. ಅಷ್ಟು ದಿನ ಎತ್ತಿ ಆಡಿಸಿದವಳನ್ನು ಮಕ್ಕಳಿಲ್ಲದ ರಾಣಿ ಎಂದು ಬರೆದರೆ ನನಗೆ ಸಂಕಟವಾಗುತ್ತದೆ.

ನಮ್ಮಜ್ಜಿಯಿಂದ ಬಂದ ಸಂಕಟ ಅದು. ಜನಗಣತಿಗೆ ಬಂದ ಮೇಷ್ಟ್ರು ಮಕ್ಕಳೆಷ್ಟು ಎಂದಾಗ ಅಜ್ಜಿ, "ಎಂಟು ಹಡ್ದೆ ಮೇಷ್ಟ್ರೇ, ನಾಕು ಉಳ್ಕಂಡ್ವು" ಎಂದಳು. ಚಿಕ್ಕಪ್ಪ, "ಈಗಿರೋರನ್ನ ಹೇಳಿದ್ರೆ ಸಾಕಲ್ಲವ್ವ" ಎಂದ. "ಹೋದ್ವು ಅಂದ್ರೆ ಹಡ್ದಿದ್ದು ಸುಳ್ಳಾ?" ಎಂದು ಅವನ ಬಾಯಿ ಮುಚ್ಚಿಸಿ ಒಂದೊಂದಾಗಿ ಹೇಳಿದಳು: ಒಂದು ಹುಟ್ಟಿದ ದಿನವೇ, ಒಂದು ನಾಯಿಕೆಮ್ಮಿಗೆ, ಒಂದು ಅಮ್ಮ ಎದ್ದು, ಒಂದಕ್ಕೆ ಏನಾಯ್ತೋ ಗೊತ್ತೇ ಆಗಲಿಲ್ಲ. ಆಮೇಲೆ ಹುಟ್ಟಿದ ಚಿಕ್ಕಪ್ಪನನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪೇಶಿ ಎಂದು ಕರೆದರಂತೆ, ಸಾವಿನ ಕಣ್ಣಿಗೆ ಬೇಡವಾಗಲಿ ಅಂತ. ಗಣತಿಯ ನಮೂನೆಯಲ್ಲಿ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಎರಡೂ ಪ್ರಶ್ನೆಗಳಿದ್ದವು. ಮೇಷ್ಟ್ರು ಎರಡನ್ನೂ ಬರೆದುಕೊಂಡರು. ಸರ್ಕಾರಿ ಕಾಗದದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವತ್ತು.

ಅರಮನೆಗಳಲ್ಲಿ ದಾದಿಯರಿದ್ದರು, ವೈದ್ಯರಿದ್ದರು, ಆದರೂ ಕೂಸುಗಳು ಉಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಅಡಿಲೇಡ್ ರಾಣಿಯ ಮೊದಲ ಮಗಳು 1819ರಲ್ಲಿ ಹುಟ್ಟಿದ ದಿನವೇ ಹೋದಳು. 1820ರ ಡಿಸೆಂಬರಿನಲ್ಲಿ ಹುಟ್ಟಿದ ಎಲಿಜಬೆತ್ ಮೂರು ತಿಂಗಳೂ ತುಂಬದೆ, 1821ರ ಮಾರ್ಚಿನಲ್ಲಿ. 1822ರಲ್ಲಿ ಅವಳಿ ಮಕ್ಕಳು ಹುಟ್ಟುವಾಗಲೇ ಉಸಿರಿರಲಿಲ್ಲ. ಆ ಎಲಿಜಬೆತ್ ಉಳಿದಿದ್ದರೆ 1837ರಲ್ಲಿ ತಂದೆಯ ನಂತರದ ಪಟ್ಟ ಅವಳಿಗೆ. ವಿಕ್ಟೋರಿಯಾ ರಾಣಿಯೇ ಆಗುತ್ತಿರಲಿಲ್ಲ. ಮಲಗಿದ ಆ ಕೂಸನ್ನು ಅಡಿಲೇಡ್ ಅಮೃತಶಿಲೆಯಲ್ಲಿ ಕೆತ್ತಿಸಿ ಇಟ್ಟುಕೊಂಡಳು. ಕ್ರಿಕೆಟ್ಟಿನಿಂದ ನಮ್ಮ ಹುಡುಗರಿಗೆಲ್ಲ ಗೊತ್ತಿರುವ ಅಡಿಲೇಡ್ ನಗರಕ್ಕೆ ಈ ತಾಯಿಯದೇ ಹೆಸರು.

ಝಾನ್ಸಿಗಿಂತ ಮೂವತ್ತು ವರ್ಷ ಮೊದಲೇ ಅಲ್ಲಿಯಂಥದೇ ಕತೆ ನಮ್ಮ ಕಿತ್ತೂರಿನಲ್ಲಿ ನಡೆದಿತ್ತು. ಚೆನ್ನಮ್ಮನ ಸ್ವಂತ ಮಗ ಉಳಿಯಲಿಲ್ಲ. ಪಟ್ಟದಲ್ಲಿದ್ದ ಸವತಿಯ ಮಗ ಶಿವಲಿಂಗರುದ್ರಸರ್ಜನೂ ಮಕ್ಕಳಿಲ್ಲದೆ 1824ರಲ್ಲಿ ತೀರಿಕೊಂಡ. ದತ್ತು ಬಂದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದಿನ ಕಾಳಗದಲ್ಲಿ ಥ್ಯಾಕರೆ ಸತ್ತ. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದಳು. ಹೊಟ್ಟೆಯಲ್ಲಿ ಹುಟ್ಟಿದವನನ್ನು ಮಣ್ಣಿಗಿಟ್ಟವಳು ಹೆರವರ ಮಗನ ಹಕ್ಕಿಗಾಗಿ ಕತ್ತಿ ಹಿಡಿದಳು. ಆ ಕತ್ತಿಯ ಮೇಲೆ ಲಾವಣಿಗಳಿವೆ. ಮಣ್ಣಿಗಿಟ್ಟ ಆ ಮಗನ ಮೇಲೂ ಯಾರಾದರೂ ಒಂದು ಕಟ್ಟಬೇಕು.