ಹುಣಸೆಬೀಜದ ಪಣ

ಇಸ್ಪೀಟಿನ ಎಲೆಗಳೆಂದರೆ ಮೂಗು ಮುರಿಯುವವರು ಎಲ್ಲ ಊರುಗಳಲ್ಲಿಯೂ ಇರುವರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಧರ್ಮರಾಯನು ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯವನ್ನೂ ತಮ್ಮಂದಿರನ್ನೂ ಕೊನೆಗೆ ಪಾಂಚಾಲಿಯನ್ನೂ ಕಳೆದುಕೊಂಡ ಕಥೆಯನ್ನು ಕೇಳಿ ಬೆಳೆದ ನಾಡು ನಮ್ಮದು. ಅದಕ್ಕಿಂತ ಹಳೆಯದಾದ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿಯೂ ಜೂಜುಗಾರನೊಬ್ಬನು ತನ್ನ ಮನೆ ಮುರಿದ ಗೋಳನ್ನು ತೋಡಿಕೊಳ್ಳುವನು. ದಾಳಗಳನ್ನು ಬಿಟ್ಟು ಹೊಲ ಉಳುವಂತೆ ಅವನಿಗೆ ಬುದ್ಧಿವಾದವೂ ಅಲ್ಲಿಯೇ ಉಂಟು. ಹೀಗಿದ್ದರೂ ಹಿರಿಯರು ವರುಷಕ್ಕೊಂದು ದಿನ ಆಟಕ್ಕೆ ಸಲಿಗೆ ಕೊಟ್ಟಿದ್ದಾರೆ. ದೀಪಾವಳಿಯ ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಇನ್ನೊಂದು ಹೆಸರಿರುವದನ್ನು ವಾಚಕರು ಬಲ್ಲರು.

ಮಾಸೂರಿನ ನಮ್ಮ ಮನೆಯಲ್ಲಿ ಆ ದಿನ ಸೆಗಣಿಯ ಪಾಂಡವರ ಪೂಜೆಯಾಗಿ, ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸುವರು. ತಲೆಗೊಂದು ಬಟ್ಟಲು, ಬಟ್ಟಲಿಗೆ ನಾಲ್ವತ್ತು ಹುಣಸೆಬೀಜ. ನಾಲ್ಕು ಬೀಜಕ್ಕೆ ಒಂದು ರೂಪಾಯಿಯ ಲೆಕ್ಕ. ಅಂದರೆ ಯಾರೂ ಹತ್ತು ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ. ಬಟ್ಟಲು ಬರಿದಾದವನು ಎದ್ದು ಹೋಗತಕ್ಕದ್ದು. ಮತ್ತೆ ಬೀಜ ಕೊಳ್ಳಕೂಡದು. ಆಟವು ಮೂರು ಎಲೆಯದು. ಎಲ್ಲರೂ ಒಂದೊಂದು ಬೀಜವನ್ನು ನಡುವೆ ಇಡುವರು. ಮೂರು ಮೂರು ಎಲೆ ಹಂಚುವರು. ಸರದಿ ಬಂದವನು ಎಲೆಗಳನ್ನು ಕೆಳಗಿಟ್ಟು ಬಿಡಬಹುದು, ಇದ್ದಷ್ಟೇ ಪಣ ಕಟ್ಟಬಹುದು, ಇಲ್ಲವೆ ಪಣ ಏರಿಸಬಹುದು. ಅಮೇರಿಕದವರ ಪೋಕರ್ ಆಟದ ಜೀವಾಳವೂ ಇಷ್ಟೇ; ಅಲ್ಲಿ ಎಲೆಗಳು ಹೆಚ್ಚು, ನಮ್ಮಲ್ಲಿ ಮಾತುಗಳು ಹೆಚ್ಚು.

ಈ ಆಟಕ್ಕೆ ಕೂಡುವವರಲ್ಲಿ ಎರಡು ಪಂಗಡಗಳು ಕಂಡುಬರುವವು. ಒಬ್ಬರು ಹಿಂಜರಿಯುವವರು: ಏರಿಸುವದನ್ನೇ ಅರಿಯರು, ಇನ್ನೊಬ್ಬರು ಏರಿಸಿದಷ್ಟನ್ನು ಸುಮ್ಮನೆ ಕಟ್ಟುತ್ತ ಹೋಗುವರು. ಇನ್ನೊಬ್ಬರು ನುಗ್ಗುವವರು: ಎಲೆಗಳನ್ನು ನೋಡುವ ಮೊದಲೇ ಬಟ್ಟಲಿಗೆ ಕೈ ಹಾಕುವರು. ಇವರಿಬ್ಬರ ನಡುವಣ ದಾರಿ ಯಾವದು ಎಂಬದೇ ಆಟದ ಮರ್ಮವು.

ಇದಕ್ಕೆ ಗಣಿತವು ಕೊಂಚ ಬೆಳಕು ತೋರುವದು. ಐವತ್ತೆರಡು ಎಲೆಗಳಿಂದ ಮೂರು ಎಲೆಗಳ ಕೂಟಗಳು ಒಟ್ಟು 22,100 ಆಗುವವು. ಅವುಗಳಲ್ಲಿ 16,440 ಕೂಟಗಳು ಜೋಡಿಯೂ ಇಲ್ಲದ, ಸಾಲೂ ಅಲ್ಲದ, ಒಂದೇ ಬಣ್ಣವೂ ಅಲ್ಲದ ಬರಿಯ ಎಲೆಗಳು. ಜೋಡಿಯ ಕೂಟಗಳು 3,744. ಮೂರೂ ಒಂದೇ ಆಗುವದು ಬರಿಯ 52 ಸಲ. ಎಂದಬಳಿಕ ನಾಲ್ಕು ಕೈಗಳಲ್ಲಿ ಸುಮಾರು ಮೂರು ಕೈ ನಮಗೆ ಬರಿಗೈಯೇ. ಅಂಥ ಎಲೆ ಹಿಡಿದು ‘ಏನಾಗುವದೋ ನೋಡೋಣ’ ಎಂದು ಎರಡೆರಡು ಬೀಜ ಹಾಕುವವನ ಬಟ್ಟಲು ಇಪ್ಪತ್ತು ಸಲಕ್ಕೆ ಬರಿದಾಗುವದು. ನುಗ್ಗುವವನು ಒಮ್ಮೆಗೇ ಸೋಲುವನು, ಎಲ್ಲರೂ ಕಾಣುವರು. ಕುತೂಹಲದವನು ತುಸುತುಸುವಾಗಿ ಸೋಲುವನು, ಅವನಿಗೇ ಕಾಣದು.

ಹಾಗಾದರೆ ಒಳ್ಳೆಯ ಎಲೆಗೆ ಕಾದು ಕುಳಿತರೆ ಸಾಕೇ? ಸಾಲದು. ನಮಗಿರುವ ಗತಿಯೇ ಎದುರಿನವನಿಗೂ ಉಂಟು; ಅವನಿಗೂ ನಾಲ್ಕರಲ್ಲಿ ಮೂರು ಸಲ ಬರಿಗೈ. ಆದುದರಿಂದ ಒಬ್ಬನೇ ಎದುರಾಳಿ ಉಳಿದಾಗ ಧೈರ್ಯಕ್ಕೆ ಬೆಲೆಯಿದೆ. ಆದರೆ ಐವರು ಕುಳಿತಿದ್ದರೆ ಉಳಿದ ನಾಲ್ವರಲ್ಲಿ ಒಬ್ಬನಿಗಾದರೂ ಜೋಡಿ ಅಥವಾ ಅದಕ್ಕೂ ಮೇಲಿನದು ಬಂದಿರುವ ಸಂಭವವು ಹತ್ತರಲ್ಲಿ ಸುಮಾರು ಏಳು ಪಾಲು. ಮಂದಿ ಹೆಚ್ಚಿದ್ದಾಗ ತಾಳ್ಮೆ, ಕಡಿಮೆಯಾದಾಗ ಧೈರ್ಯ. ಇದು ಮೊದಲನೆಯ ಸೂತ್ರ.

ಬರಿಗೈಯಲ್ಲಿ ಬೆದರಿಸುವದಕ್ಕೂ ಒಂದು ಲೆಕ್ಕವಿದೆ. ನಡುವೆ ಎಂಟು ಬೀಜಗಳಿವೆ, ನಾನು ನಾಲ್ಕನ್ನು ಹಾಕಿ ಬೆದರಿಸುತ್ತೇನೆ ಎನ್ನೋಣ. ಮೂರು ಸಲದಲ್ಲಿ ಒಮ್ಮೆ ಎದುರಿನವನು ಎಲೆ ಕೆಳಗಿಟ್ಟರೆ ನನಗೆ ನಷ್ಟವಿಲ್ಲ: ಎರಡು ಸಲ ಕಳೆದ ಎಂಟು ಬೀಜ ಒಮ್ಮೆ ಗೆದ್ದ ಎಂಟಕ್ಕೆ ಸರಿಹೋಗುವದು. ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಎಂಬ ಪಂಡಿತರು 1944ರಲ್ಲಿ ಹೊರತಂದ ಆಟಗಳ ಶಾಸ್ತ್ರದ ಗ್ರಂಥದಲ್ಲಿ ಪೋಕರಿನ ಈ ಬೆದರಿಕೆಯನ್ನು ಗಣಿತದಿಂದ ಅಳೆದರು. ಎಂದಿಗೂ ಬೆದರಿಸದವನು ಏರಿಸಿದಾಗ ಅವನ ಕೈ ದೊಡ್ಡದೆಂದು ಎಲ್ಲರಿಗೂ ತಿಳಿದು ಯಾರೂ ಪಣ ಕಟ್ಟುವದಿಲ್ಲ. ಆದುದರಿಂದ ಒಮ್ಮೊಮ್ಮೆ ಬೆದರಿಸುವದು ಗೆಲ್ಲುವ ಕೈಗೆ ಗಿರಾಕಿಗಳನ್ನು ತರುವದಕ್ಕೂ ಬೇಕು. ಬೆದರಿಸುವದಿದ್ದರೆ ತೀರ ಕೆಟ್ಟ ಎಲೆಗಳಿಂದಲೇ ಬೆದರಿಸಬೇಕು. ನಡುತರದ ಎಲೆ ಬಂದಾಗ ಸುಮ್ಮನಿರಬೇಕು ಎಂಬದೂ ಆ ಲೆಕ್ಕದಿಂದ ಹೊರಡುವ ಮಾತು.

ಆದರೆ ಆ ಶಾಸ್ತ್ರವು ನಮ್ಮ ಸೋದರತ್ತೆಯ ಮುಂದೆ ನಡೆಯದು. ಎಂಬತ್ತು ದಾಟಿದ ಆ ಹಿರಿಯಳು ಎಲೆ ಕೆಳಗಿಟ್ಟದ್ದನ್ನು ನಾವು ಕಂಡಿಲ್ಲ. “ನಾಕು ಹುಣಸೀಬೀಜಕ್ಕ ಯಾಕ ಹೆದರಲಿ?” ಎನ್ನುತ್ತ ಕೊನೆಯವರೆಗೂ ಪಣ ಕಟ್ಟುವಳು. ಸಣ್ಣ ಪಣದ ಆಟದ ಸತ್ಯವೆಲ್ಲ ಈ ಒಂದು ಮಾತಿನಲ್ಲಿದೆ. ಕಳೆದುಕೊಳ್ಳುವದು ಅತ್ಯಲ್ಪವಾದಾಗ ಯಾರೂ ಹೆದರರು. ಹೆದರದವರನ್ನು ಬೆದರಿಸುವದು ನೀರನ್ನು ಕಡೆದಂತೆ. ಅಂಥಲ್ಲಿ ಬೆದರಿಕೆಯನ್ನು ಬಿಟ್ಟು, ಕೆಟ್ಟ ಎಲೆಗಳನ್ನು ಕೂಡಲೆ ಕೆಳಗಿಟ್ಟು, ಒಳ್ಳೆಯ ಕೈ ಬಂದಾಗ ನಾಚದೆ ಏರಿಸಬೇಕು. ಆಕೆ ತಪ್ಪದೆ ಕಟ್ಟುವಳು.

ನಮ್ಮೂರಿನ ಹತ್ತಿರದ ಮದಗದ ಕೆರೆಯನ್ನು ಕಂಡವರಿಗೆ ಈ ಮಾತು ಬೇಗ ಹೊಳೆದೀತು. ಗುಡ್ಡಗಳ ನಡುವೆ ಕುಮುದ್ವತಿಗೆ ಒಡ್ಡು ಕಟ್ಟಿ ನಿಲ್ಲಿಸಿದ ನೀರದು. ಒಡ್ಡಿನ ಕೆಲಸ ತಡೆಯುವದು, ತೂಬಿನ ಕೆಲಸ ಬಿಡುವದು. ತೂಬಿಲ್ಲದ ಕೆರೆಯಿಂದ ಗದ್ದೆಗೆ ಪ್ರಯೋಜನವಿಲ್ಲ; ಒಡ್ಡಿಲ್ಲದ ಕೆರೆಯು ಕೆರೆಯೇ ಅಲ್ಲ.

ಇದೆಲ್ಲ ಬರಿಯ ಕಾಲಹರಣದ ಮಾತೆಂದು ವಾಚಕರು ಎಣಿಸಬಾರದು. ಕೆಲವು ವರುಷಗಳ ಕೆಳಗೆ, ದೊಡ್ಡ ಊರಿನಲ್ಲಿ ಓದುತ್ತಿದ್ದ ನನ್ನ ಸೋದರಳಿಯನು ಮೊಬೈಲಿನಲ್ಲಿ ಹಣ ಕಟ್ಟಿ ಎಲೆಯಾಡಿ, ಎರಡು ತಿಂಗಳ ಊಟದ ಹಣವನ್ನೂ ಪರೀಕ್ಷೆಯ ಶುಲ್ಕವನ್ನೂ ಕಳೆದುಕೊಂಡು ಬಂದನು. ಆ ದೀಪಾವಳಿಗೆ ನನ್ನ ತಂಗಿಯು ಕಂಬಳಿಯ ಮುಂದೆ ನಿಂತು, “ಅಣ್ಣಾ, ಆ ಎಲಿ ಎಲ್ಲಾ ಒಲಿಗೆ ಹಾಕಿಬಿಡು” ಎಂದಳು. ತಾಯಿಯ ಹೊಟ್ಟೆಯ ಉರಿಗೆ ಲೆಕ್ಕದ ಉತ್ತರವಿಲ್ಲ. ನಾನು ಹುಡುಗನನ್ನು, “ಹೇಗೆ ಆಡಿದೆ?” ಎಂದಷ್ಟೇ ಕೇಳಿದೆನು. “ಸೋತಾಗೆಲ್ಲ ಎರಡರಷ್ಟು ಹಾಕಿದೆ, ಮಾಮಾ” ಎಂದನು. ಅವನ ನುಗ್ಗಾಟವು ಕೈಯಲ್ಲಿದ್ದ ಎಲೆಯಿಂದ ಹುಟ್ಟಿರಲಿಲ್ಲ. ಕಳೆದುಹೋದ ಹಣದಿಂದ ಹುಟ್ಟಿತ್ತು. ಧರ್ಮರಾಯನದೂ ಅದೇ ರೋಗವಲ್ಲವೆ?

ಬಹಳ ಹೊತ್ತಿನ ಮೇಲೆ ತಂಗಿಯು, ತಾನೂ ಪಕ್ಕದಲ್ಲಿ ಕೂಡುವೆನೆಂಬ ಕರಾರಿನ ಮೇಲೆ ಮಗನನ್ನು ಆಟಕ್ಕೆ ಬಿಟ್ಟಳು. ಅವನ ಬಟ್ಟಲೇ ಎಲ್ಲರಿಗಿಂತ ಮೊದಲು ಬರಿದಾಯಿತು. ಹುಡುಗನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ನಾವು ಯಾರೂ ಮಾತಾಡಲಿಲ್ಲ. ಸೋದರತ್ತೆಯೇ ತನ್ನ ಎಲೆಗಳಿಂದ ಕಣ್ಣೆತ್ತದೆ, “ಬಟ್ಟಲ ಬರಿದಾತಲ್ಲಪ್ಪಾ, ಏಳು, ದನಕ್ಕ ನೀರು ಕುಡಿಸಿ ಬಾ” ಎಂದಳು. ಅವನು ಅರೆಗಳಿಗೆ ಕುಳಿತಿದ್ದು ಎದ್ದನು. ಹಿತ್ತಲಲ್ಲಿ ಬಕೀಟಿನ ಸಪ್ಪಳ ಕೇಳಿದ ಮೇಲೆ ನನ್ನ ತಂಗಿಯು ಸೆರಗಿನಿಂದ ಕಣ್ಣೊರಸಿಕೊಂಡಳು.

ಮೊಬೈಲಿನ ಆಟಕ್ಕೂ ಪಡಸಾಲೆಯ ಆಟಕ್ಕೂ ಇರುವ ಅಂತರವು ಇಲ್ಲಿದೆ. ಅಲ್ಲಿ ಬಟ್ಟಲಿಗೆ ತಳವಿಲ್ಲ, ಏಳೆನ್ನುವ ಹಿರಿಯರಿಲ್ಲ. ನಮ್ಮ ರಾಜ್ಯವು 2021ರಲ್ಲಿ ಇಂಥ ಆಟಗಳನ್ನು ತಡೆಯಲು ಕಾಯ್ದೆ ತಿದ್ದಿತು. 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಮಾಡಿತು. ಕಾಯ್ದೆಯು ಬೇಲಿಯಾದೀತು. ಆದರೆ ಸೋತ ಗಳಿಗೆಯಲ್ಲಿ ಕೈಯನ್ನು ಜೇಬಿನಿಂದ ಹಿಂದೆಗೆಯುವ ಅಭ್ಯಾಸವು ಮನೆಯಲ್ಲಿಯೇ ಆಗತಕ್ಕದ್ದು. ಕೂಡುವ ಮೊದಲೇ ಎಷ್ಟು ಹೋದರೆ ಏಳುವೆನೆಂದು ಗೊತ್ತುಮಾಡಿಕೊಳ್ಳಬೇಕು, ಸೋತ ಸಿಟ್ಟಿನಿಂದ ಏರಿಸಕೂಡದು, ಕುತೂಹಲಕ್ಕಾಗಿ ಕಟ್ಟಕೂಡದು, ಕೈಯಲ್ಲಿ ನಿಜವಾದ ಬಲವಿರುವಾಗ ಹಿಂಜರಿಯಕೂಡದು. ಇವನ್ನು ಹತ್ತು ರೂಪಾಯಿಯ ಹುಣಸೆಬೀಜದಲ್ಲಿ ಕಲಿತ ಮಕ್ಕಳು ಮುಂದೆ ಹೊಲ ಕೊಳ್ಳುವಾಗಲೂ ಸಾಲ ಮಾಡುವಾಗಲೂ ಅದನ್ನು ನೆನೆದಾರು.

ಎಲೆಗಳ ಕಟ್ಟು ಈಗ ನನ್ನ ತಂಗಿಯ ಟ್ರಂಕಿನಲ್ಲಿರುವದು. ಪಾಡ್ಯದ ದಿನ ಅವಳೇ ಬೀಗ ತೆಗೆಯುವಳು. ಬೀಜಗಳನ್ನೂ ಅವಳೇ ಎಣಿಸಿ ಕೊಡುವಳು.